ಕೈಗಡ ಕೊಟ್ಟ ರಕ್ತ

ಏಳೆಂಟು ವರ್ಷದ ಹಿಂದೆ ಒಂದು ವಂಶವಾಹಿ ಸಂಶೋಧನೆಗೆ ಒಪ್ಪಿಗೆ ಪತ್ರವನ್ನು ಕನ್ನಡಕ್ಕೆ ಮಾಡಿಕೊಟ್ಟಿದ್ದೆ. ಹಳ್ಳಿಗೂ ಬನ್ನಿ, ಓದಿ ಹೇಳೋಕೆ ಒಬ್ಬರು ಬೇಕು ಅಂದರು, ಹೋದೆ. ತುಮಕೂರು ಕಡೆಯ ಊರು. ಶಾಲೆಯ ಜಗಲಿ ಮೇಲೆ ಮೇಜು ಹಾಕಿ, ನೇರಳೆ ಮುಚ್ಚಳದ ಪುಟ್ಟ ಟ್ಯೂಬುಗಳನ್ನು ಸ್ಟ್ಯಾಂಡಿನಲ್ಲಿ ಜೋಡಿಸಿದ್ದರು. ಪಕ್ಕದಲ್ಲಿ ಹೆಬ್ಬೆಟ್ಟಿಗೆ ಇಂಕ್ ಪ್ಯಾಡ್.

ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಬಂದು ಕೂತರು. ಪತ್ರ ಓದುತ್ತಾ ಹೋದೆ. 'ಆನುವಂಶಿಕ ದತ್ತಾಂಶವನ್ನು ಭವಿಷ್ಯದ ಸಂಶೋಧನೆಗಳಿಗೆ ಬಳಸಬಹುದು' ಅನ್ನೋ ಸಾಲು ಬಂತು. ನಾನೇ ಬರೆದ ಸಾಲು. ಅಜ್ಜಿಯ ಮುಖ ನೋಡಿದ ಕೂಡಲೇ ನಾನು ಬರೆದದ್ದು ಅವರ ಕನ್ನಡವಲ್ಲ ಅಂತ ಗೊತ್ತಾಯಿತು. ಪತ್ರ ಪಕ್ಕಕ್ಕಿಟ್ಟು, "ನಿಮ್ಮ ಅಪ್ಪ ಅಮ್ಮನಿಂದ ನಿಮಗೆ ಏನು ಬಂತು, ನಿಮ್ಮಿಂದ ಮಕ್ಕಳಿಗೆ ಏನು ಹೋಯ್ತು ಅಂತ ಈ ರಕ್ತದಲ್ಲಿ ನೋಡ್ತಾರಜ್ಜಿ" ಅಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಾನು ಸೋದರಮಾವನ್ನೇ ಮದ್ವೆ ಆಗಿರೋದು. ಹಂಗಾದ್ರೆ ಅವರದ್ದೂ ತಿಳೀತದಾ? ಮಕ್ಕಳದ್ದೂ?" ಅಂದರು. ನಾನು ಏನಾದರೂ ಹೇಳೋ ಮೊದಲೇ, "ಮೊಮ್ಮಗಳಿಗೆ ಗಂಡು ನೋಡ್ತಾ ಇದೀವಿ, ಅದಕ್ಕೇ ಕೇಳ್ದೆ" ಅಂದರು.

ಇದಕ್ಕೆ ಉತ್ತರ ನಾಲ್ಕು ಪುಟದ ಆ ಪತ್ರದಲ್ಲಿ ಎಲ್ಲೂ ಇರಲಿಲ್ಲ. ಹೆಸರು ಗುಟ್ಟಾಗಿರುತ್ತೆ ಅಂತ ಇತ್ತು, ಅಷ್ಟೇ. ಅದನ್ನೇ ಹೇಳಿದೆ. ಅಜ್ಜಿ ಹೆಬ್ಬೆಟ್ಟು ಒತ್ತಿದರು. ಸಾಕ್ಷಿ ಜಾಗದಲ್ಲಿ ನಮ್ಮ ಜೀಪಿನ ಡ್ರೈವರ್ ಸಹಿ ಹಾಕಿದರು. ಓದು ಬಾರದವರು ಹೆಬ್ಬೆಟ್ಟು ಒತ್ತುವಾಗ ಸಂಶೋಧನೆಯ ತಂಡಕ್ಕೆ ಸೇರದ ಒಬ್ಬರು ಪಕ್ಕದಲ್ಲಿದ್ದು ಸಾಕ್ಷಿ ಹಾಕಬೇಕು, ಅದು ನಿಯಮ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) 2017ರ ಮಾರ್ಗಸೂಚಿಯಲ್ಲೂ ಇದೆ. ಊರಿನ ಟೀಚರ್ ಹತ್ತು ಹೆಜ್ಜೆ ಆಚೆ ಪಾಠ ಮಾಡುತ್ತಿದ್ದರು, ಯಾರೂ ಕರೆಯಲಿಲ್ಲ. ನಾನೂ ಕರೆಯಲಿಲ್ಲ. ಇದು ಇವತ್ತಿಗೂ ನನ್ನ ಮನಸ್ಸಿನಲ್ಲಿ ಕೊರೆಯುತ್ತಿದೆ.

ಆ ಅಜ್ಜಿಯ ಪ್ರಶ್ನೆ ಎಷ್ಟು ದೊಡ್ಡದು ಅಂತ ನನಗೆ ಸರಿಯಾಗಿ ಅರ್ಥವಾಗಿದ್ದು ಹವಾಸುಪಾಯ್ ಅನ್ನೋ ಮೂಲನಿವಾಸಿ ಜನರ ಕಥೆ ಓದಿದ ಮೇಲೆ. ಅಮೆರಿಕದ ಅರಿಜೋನಾದಲ್ಲಿ, ಗ್ರಾಂಡ್ ಕ್ಯಾನ್ಯನ್ ಅನ್ನೋ ಆ ಮಹಾ ಕಣಿವೆಯ ತಳದಲ್ಲಿ ಅವರ ಊರು. ಕಾರು ಹೋಗಲ್ಲ. ನಡೆದು ಇಳಿಯಬೇಕು, ಇಲ್ಲ ಹೇಸರಗತ್ತೆ, ಇಲ್ಲ ಹೆಲಿಕಾಪ್ಟರ್. ಅಂಚೆಯೂ ಹೇಸರಗತ್ತೆ ಮೇಲೇ ಬರುತ್ತೆ. ಕೆಲವೇ ನೂರು ಜನ, ಮನೆಮನೆಯಲ್ಲೂ ಸಕ್ಕರೆ ಕಾಯಿಲೆ. ಯಾಕೆ ಹೀಗೆ ಅಂತ ನೋಡಿಕೊಡಿ ಎಂದು ಅವರು ಕೇಳಿದ ಮೇಲೆ, 1990ರಿಂದ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯವರು ಅವರಲ್ಲಿ ಹಲವರ ರಕ್ತ ತೆಗೆದುಕೊಂಡರು. ಸಹಿ ಹಾಕಿಸಿದ ಕಾಗದದಲ್ಲಿ 'ವರ್ತನೆಯ ಮತ್ತು ವೈದ್ಯಕೀಯ ತೊಂದರೆಗಳ ಕಾರಣ' ಹುಡುಕುತ್ತೇವೆ ಅಂತ ಇತ್ತು. ಕೊಟ್ಟವರು ತಿಳಿದಿದ್ದು ಸಕ್ಕರೆ ಕಾಯಿಲೆ ಅಂತ. ತೆಗೆದುಕೊಂಡವರ ಪ್ರಕಾರ ಆ ಸಾಲಿನೊಳಗೆ ಏನು ಬೇಕಾದರೂ ಹಿಡಿಸುತ್ತಿತ್ತು.

2003ರಲ್ಲಿ ಆ ಸಮುದಾಯದ ಕಾರ್ಲೆಟ್ಟಾ ಟಿಲೂಸಿ ಅದೇ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ವಿದ್ಯಾರ್ಥಿಯೊಬ್ಬರ ಭಾಷಣ ಕೇಳಲು ಹೋಗಿದ್ದರು. ತೆರೆ ಮೇಲೆ ಅವರದೇ ಜನರ ರಕ್ತದ ಲೆಕ್ಕ. ಇದಕ್ಕೆ ನಮ್ಮವರ ಅನುಮತಿ ಇದೆಯಾ ಅಂತ ಎದ್ದು ಕೇಳಿದರು. ಆಮೇಲೆ ಒಂದೊಂದಾಗಿ ಹೊರಬಂತು. ಅದೇ ರಕ್ತದಲ್ಲಿ ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆಯ ಗುಣ ಹುಡುಕಿದ್ದರು. ಒಳಸಂಬಂಧದ ಮದುವೆ ಎಷ್ಟು ಅಂತ ಅಳೆದಿದ್ದರು. ಅವರ ಪೂರ್ವಿಕರು ಏಷ್ಯಾದಿಂದ ಬಂದವರು ಅಂತಲೂ ಬರೆದಿದ್ದರು, ಆ ಜನರ ನಂಬಿಕೆಯಲ್ಲಿ ಅವರು ಹುಟ್ಟಿದ್ದೇ ಆ ಕಣಿವೆಯಲ್ಲಿ, ಅದನ್ನು ಕಾಯೋಕೆ.

ಇದರಲ್ಲಿ ನನಗೆ ಜಾಸ್ತಿ ತಟ್ಟಿದ್ದು ಒಳಸಂಬಂಧದ ಮಾತು. ಸೋದರಮಾವ, ಅತ್ತೆ ಮಗ ಅಂತ ಮದುವೆಯಾಗಿರೋ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ವಿಜ್ಞಾನಿಗೆ ಅದು ಒಂದು ಅಳತೆ, ಬೈಗುಳವಲ್ಲ, ನನಗೆ ಗೊತ್ತು. ಆದರೆ ಇಂಥ ಜಾತಿಯಲ್ಲಿ ಇಂಥ ಕಾಯಿಲೆಯ ಗುಣ ಜಾಸ್ತಿ ಅಂತ ಒಂದು ಸಾಲು ಪೇಪರಿನಲ್ಲಿ ಬಂದರೆ, ಸಂಬಂಧ ನೋಡಲು ಬಂದವರು ಕಾಫಿ ಕುಡಿದು 'ಹೇಳಿ ಕಳಿಸ್ತೀವಿ' ಅಂತ ಎದ್ದು ಹೋಗುತ್ತಾರೆ. ಆ ಮನೆಯಲ್ಲಿ ಯಾರೂ ರಕ್ತ ಕೊಟ್ಟಿರಬೇಕು ಅಂತಿಲ್ಲ, ಸಹಿ ಹಾಕಿರಬೇಕು ಅಂತಲೂ ಇಲ್ಲ. ಟ್ಯೂಬಿನ ಮೇಲಿನ ಹೆಸರು ಅಳಿಸಿ ನಂಬರ್ ಬರೆದರೆ ಅಜ್ಜಿಯೊಬ್ಬರ ಗುಟ್ಟು ಉಳಿಯಬಹುದು, ಊರಿನದು, ಜಾತಿಯದು ಉಳಿಯುತ್ತಾ? ಅದಕ್ಕೇ ಒಬ್ಬೊಬ್ಬರ ಸಹಿ ಸಾಲದು, ಇಡೀ ಸಮುದಾಯವನ್ನು ಕೂರಿಸಿಕೊಂಡು ಮಾತಾಡಬೇಕು ಅನ್ನೋದು.

ಹವಾಸುಪಾಯ್ ಜನ ಕೋರ್ಟಿಗೆ ಹೋದರು. 2010ರಲ್ಲಿ ರಾಜಿಯಾಯಿತು, 41 ಜನರಿಗೆ ಒಟ್ಟು 7 ಲಕ್ಷ ಡಾಲರ್. ಉಳಿದಿದ್ದ ರಕ್ತವನ್ನೂ ವಾಪಸ್ ಕೊಟ್ಟರು. ತೆಗೆದುಕೊಳ್ಳಲು ಹೋದವರು ಆ ಫ್ರೀಜರ್ ಮುಂದೆ ನಿಂತು ಅತ್ತರಂತೆ. ರಕ್ತ ಕೊಟ್ಟವರಲ್ಲಿ ಕೆಲವರು ಅಷ್ಟರಲ್ಲಿ ತೀರಿಕೊಂಡಿದ್ದರು.

ಕೆನಡಾದ ವ್ಯಾಂಕೂವರ್ ದ್ವೀಪದ ಮೂಲನಿವಾಸಿಗಳಾದ ನೂ-ಚಾ-ನುಲ್ತ್ ಜನರದ್ದೂ ಹೆಚ್ಚುಕಡಿಮೆ ಇದೇ ಕಥೆ. 1980ರ ದಶಕದಲ್ಲಿ ಕೀಲುವಾತದ ಸಂಶೋಧನೆಗೆ ಅಂತ 883 ಜನ ರಕ್ತ ಕೊಟ್ಟರು. ಸಂಶೋಧಕರು ಕೆಲಸ ಬದಲಿಸಿದಾಗ ರಕ್ತವೂ ಅವರ ಜೊತೆ ದೇಶ ದಾಟಿ ಹೋಯಿತು, ವಂಶದ ಮೂಲ ಹುಡುಕಲು ಬಳಕೆಯಾಯಿತು. ಊರಿಗೆ ವಾಪಸ್ ಬಂದಿದ್ದು 2004ರಲ್ಲಿ. ಆಮೇಲೆ ಕೆನಡಾದಲ್ಲಿ ಒಂದು ವಿಚಾರ ಬೆಳೆಯಿತು: ಡಿಎನ್ಎ ದಾನವಲ್ಲ, ಸಾಲ. ಸಂಶೋಧಕರು ಅದನ್ನು ಇಟ್ಟುಕೊಂಡಿರೋರು ಮಾತ್ರ, ಒಡೆಯರಲ್ಲ. ನಮ್ಮಲ್ಲಿ ಇದಕ್ಕೆ ಚೆನ್ನಾದ ಮಾತೇ ಇದೆ, ಕೈಗಡ. ಪತ್ರ ಇಲ್ಲ, ಬಡ್ಡಿ ಇಲ್ಲ, ನಂಬಿಕೆ ಮೇಲೆ ಕೊಡೋದು. ಮಗಳ ಫೀಸಿಗೆ ಅಂತ ಇಸ್ಕೊಂಡು ಬೈಕ್ ತಗೊಂಡರೆ ಏನಂತೀವಿ?

ಸಂಶೋಧನೆ ಬೇಡ ಅಂತ ನಾನು ಖಂಡಿತ ಹೇಳುತ್ತಿಲ್ಲ. ನಮ್ಮ ಜನರ ವಂಶವಾಹಿ ಮಾಹಿತಿ ಜಗತ್ತಿನ ಲೆಕ್ಕದಲ್ಲಿ ತೀರಾ ಕಡಿಮೆ, ಹಾಗಾಗಿ ನಮಗೆ ಯಾವ ಔಷಧಿ ಒಗ್ಗುತ್ತೆ, ಯಾವ ಕಾಯಿಲೆ ಎಲ್ಲಿಂದ ಬಂತು ಅನ್ನೋದು ಸರಿಯಾಗಿ ತಿಳಿಯಲ್ಲ. 2020ರಲ್ಲಿ ಶುರುವಾದ ಜೀನೋಮ್ ಇಂಡಿಯಾ ಯೋಜನೆಯಲ್ಲಿ 20 ಸಂಸ್ಥೆಗಳು ಸೇರಿ ಸುಮಾರು 10,000 ಜನರ ಜೀನೋಮ್, ಅಂದರೆ ಇಡೀ ವಂಶವಾಹಿ ಮಾಹಿತಿ, ಓದಿವೆ, ಮುಂದೆ ನಿಂತು ನಡೆಸಿದ್ದು ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರೋ ಮೆದುಳು ಸಂಶೋಧನಾ ಕೇಂದ್ರ. ಇಂಥ ಕೆಲಸ ಇನ್ನೂ ಆಗಬೇಕು. ಆಗಬೇಕು ಅನ್ನೋದಕ್ಕೇ ಇದನ್ನೆಲ್ಲ ಬರೆಯುತ್ತಿದ್ದೇನೆ. ಒಂದು ಸಲ ನಂಬಿಕೆ ಕೆಟ್ಟರೆ ಮುಂದಿನ ಸಲ ಬಂದವರು ಎಷ್ಟೇ ಒಳ್ಳೆಯವರಾಗಿರಲಿ, ಊರು ಬಾಗಿಲು ತೆಗೆಯಲ್ಲ. ಅಮೆರಿಕದ ಇನ್ನೊಂದು ಮೂಲನಿವಾಸಿ ಸಮುದಾಯವಾದ ನವಾಹೋ ಜನ 2002ರಲ್ಲಿ ತಮ್ಮ ನೆಲದಲ್ಲಿ ವಂಶವಾಹಿ ಸಂಶೋಧನೆಯನ್ನೇ ನಿಲ್ಲಿಸಿಬಿಟ್ಟರು.

ಅವತ್ತು ಹೊರಡುವಾಗ ಅಜ್ಜಿ, "ರಿಪೋರ್ಟು ಯಾವಾಗ ಕೊಡ್ತೀರವ್ವ?" ಅಂತ ಕೇಳಿದ್ದರು. ಬರುತ್ತೆ ಅಜ್ಜಿ ಅಂದಿದ್ದೆ. ಯೋಜನೆ ಮುಗಿಯಿತು, ರಿಪೋರ್ಟ್ ಬರಲಿಲ್ಲ, ಆ ಊರಿಗೆ ಯಾರೂ ತಿರುಗಿ ಹೋಗಲಿಲ್ಲ.

ಈ ತಿಂಗಳು ಬೇರೆಯವರಿಂದ ಇಂಥದೇ ಒಂದು ಒಪ್ಪಿಗೆ ಪತ್ರ ಅನುವಾದಕ್ಕೆ ಬಂದಿದೆ. 'ಭವಿಷ್ಯದ ಸಂಶೋಧನೆಗಳಿಗೆ' ಅನ್ನೋ ಸಾಲು ಇದರಲ್ಲೂ ಇದೆ. ಅನುವಾದ ಶುರು ಮಾಡಿಲ್ಲ. ಯಾವ ಸಂಶೋಧನೆಗೆ, ಬೇರೆ ಕೆಲಸಕ್ಕೆ ಬಳಸುವಾಗ ಮತ್ತೆ ಬಂದು ಕೇಳುತ್ತೀರಾ, ಊರಿಗೆ ಹೋಗಿ ಫಲಿತಾಂಶ ಹೇಳೋದಕ್ಕೆ ದುಡ್ಡು ತೆಗೆದಿಟ್ಟಿದ್ದೀರಾ ಅಂತ ಬರೆದು ಕಳಿಸಿದ್ದೇನೆ. ಸಾಕ್ಷಿ ಯಾರು ಅಂತಲೂ ಕೇಳಿದ್ದೇನೆ.