ಲಗ್ನಪತ್ರಿಕೆಯ ಹೆಸರಿನಲ್ಲಿ ಬರುವ ಎಪಿಕೆ ಫೈಲ್

ಮದುವೆಯ ಕಾಲ ಬಂತೆಂದರೆ ವಾಟ್ಸ್‌ಆ್ಯಪ್ ತುಂಬ ಲಗ್ನಪತ್ರಿಕೆಗಳು. ಈಚಿನ ವರ್ಷಗಳಲ್ಲಿ ಅವುಗಳ ನಡುವೆಯೇ ವಂಚಕರ ಫೈಲ್ ಕೂಡ ಬರುತ್ತಿದೆ. ಫೈಲಿನ ಹೆಸರಿನಲ್ಲಿ ಮದುವೆಯ ಆಮಂತ್ರಣವೆಂದೇ ಇರುತ್ತದೆ. ಆದರೆ ಹೆಸರಿನ ಕೊನೆಯಲ್ಲಿ ಪಿಡಿಎಫ್ ಅಥವಾ ಜೆಪಿಜಿ ಎಂದಿರಬೇಕಾದಲ್ಲಿ ಎಪಿಕೆ ಎಂದಿದ್ದರೆ ಅದು ಪತ್ರಿಕೆಯಲ್ಲ, ಆಂಡ್ರಾಯ್ಡ್ ಫೋನಿಗೆ ಹಾಕಿಕೊಳ್ಳುವ ಆ್ಯಪ್. ಸಂಚಾರ ದಂಡದ ಚಲನ್, ಬ್ಯಾಂಕಿನ ಕೆವೈಸಿ, ಪಿಎಂ ಕಿಸಾನ್ ಹೆಸರುಗಳಲ್ಲಿಯೂ ಇದೇ ಬಗೆಯ ಫೈಲುಗಳು ಓಡಾಡುತ್ತಿವೆ.

ಅಪರಿಚಿತರನ್ನು ನಂಬಬೇಡಿ ಎಂದು ನಾವು ಮನೆಯವರಿಗೆ ಹೇಳುತ್ತಲೇ ಇರುತ್ತೇವೆ. ಇಲ್ಲಿ ಆ ಎಚ್ಚರಿಕೆ ಸಾಲದು. ಏಕೆಂದರೆ ಮೊದಲು ಬಲಿಯಾದವರ ವಾಟ್ಸ್‌ಆ್ಯಪ್ ಖಾತೆಯನ್ನೇ ವಶಪಡಿಸಿಕೊಂಡು, ಅವರ ಬಂಧುಬಳಗಕ್ಕೂ ಗುಂಪುಗಳಿಗೂ ಅದೇ ಫೈಲನ್ನು ಕಳುಹಿಸುವುದು ಇದರ ಕ್ರಮ. ಪತ್ರಿಕೆ ಬಂದದ್ದು ಸೋದರಮಾವನ ನಂಬರಿನಿಂದ ಎಂದಮೇಲೆ ಯಾರು ತಾನೇ ಅನುಮಾನಿಸುತ್ತಾರೆ?

ಫೈಲನ್ನು ಒತ್ತಿದ ಮಾತ್ರಕ್ಕೆ ಆ್ಯಪ್ ಫೋನಿನೊಳಗೆ ಇಳಿಯುವುದಿಲ್ಲ. ಅಪರಿಚಿತ ಮೂಲದ ಆ್ಯಪ್ ಹಾಕಿಕೊಳ್ಳಲು ಅನುಮತಿ ಇಲ್ಲವೆಂದು ಆಂಡ್ರಾಯ್ಡ್ ಮೊದಲು ತಡೆಯುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಆ ತಡೆಯನ್ನು ತೆಗೆಯುವವರು ನಾವೇ. ಅನಂತರ ಆ್ಯಪ್ ಎಸ್‌ಎಂಎಸ್ ಓದುವ ಅನುಮತಿ ಕೇಳುತ್ತದೆ. ಲಗ್ನಪತ್ರಿಕೆಗೆ ನಮ್ಮ ಎಸ್‌ಎಂಎಸ್ ಏಕೆ ಬೇಕು ಎಂಬ ಪ್ರಶ್ನೆ ಆ ಕ್ಷಣದಲ್ಲಿ ಹೊಳೆದರೆ ಬಚಾವು. ಅನುಮತಿ ಕೊಟ್ಟರೆ ಬ್ಯಾಂಕಿನ ಒಟಿಪಿ ನಮ್ಮ ಕಣ್ಣಿಗೆ ಬೀಳುವ ಮೊದಲೇ ವಂಚಕರಿಗೆ ತಲುಪಬಹುದು. ಇಂಥ ಕೆಲವು ಆ್ಯಪ್‌ಗಳು ತಮ್ಮ ಚಿಹ್ನೆಯನ್ನು ಪರದೆಯಿಂದ ಅಡಗಿಸಿಕೊಳ್ಳುವುದರಿಂದ ಹುಡುಕಿ ತೆಗೆಯುವುದೂ ಕಷ್ಟವಾಗುತ್ತದೆ.

ಫೈಲ್ ಹಾಕಿಕೊಂಡದ್ದು ಗೊತ್ತಾದ ಕೂಡಲೇ ಇಂಟರ್ನೆಟ್ ಸಂಪರ್ಕ ಕಡಿದು, ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಬೇಕು; ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಬೇಕು. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗ ಬೇಗ ಸಾಗುತ್ತದೆ. ದೂರು ಬೇಗ ದಾಖಲಾದರೆ ಅದನ್ನು ನಡುವೆ ತಡೆಹಿಡಿಯುವ ಅವಕಾಶ ಇರುತ್ತದೆ. ಗ್ರಾಹಕರ ಅಜಾಗರೂಕತೆಯಿಂದಾದ ನಷ್ಟವನ್ನು ಬ್ಯಾಂಕಿಗೆ ತಿಳಿಸುವವರೆಗೆ ಗ್ರಾಹಕರೇ ಭರಿಸಬೇಕು, ತಿಳಿಸಿದ ಬಳಿಕ ಆಗುವ ನಷ್ಟ ಬ್ಯಾಂಕಿನದು ಎಂದು ರಿಸರ್ವ್ ಬ್ಯಾಂಕ್ 2017ರ ಜುಲೈ ತಿಂಗಳ ಸುತ್ತೋಲೆಯಲ್ಲಿ ಹೇಳಿತ್ತು. ಮಕ್ಕಳು ಬಯ್ಯುತ್ತಾರೆಂದು ಹೆದರಿ ಹಿರಿಯರು ವಿಷಯ ಮುಚ್ಚಿಟ್ಟುಕೊಳ್ಳುವುದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ಗದರುವ ಸಮಯ ಅದಲ್ಲ. ಅವರ ಪಕ್ಕದಲ್ಲಿ ಕುಳಿತು ಕರೆ ಮಾಡಿಕೊಡುವ ಸಮಯ.

ಫೈಲ್ ನಮಗೆ ಬಂದು, ನಾವು ಅದನ್ನು ತೆರೆಯದೆ ಉಳಿದರೂ ಕೆಲಸ ಮುಗಿಯುವುದಿಲ್ಲ. ಕಳುಹಿಸಿದವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಬರೆದರೆ ಉತ್ತರ ಕೊಡುವವನು ವಂಚಕನೇ ಆಗಿರಬಹುದಾದ್ದರಿಂದ, ನೇರವಾಗಿ ಫೋನ್ ಮಾಡಿ ಹೇಳಬೇಕು. ಫೈಲ್ ಗುಂಪಿಗೆ ಬಂದಿದ್ದರೆ ಎಲ್ಲರ ಫೋನಿನಿಂದಲೂ ಅಳಿಸುವ ಸೌಲಭ್ಯ ಅಡ್ಮಿನ್‌ಗೆ ಇದೆ. ಮತ್ತೊಬ್ಬರು ಅದನ್ನು ಒತ್ತುವ ಮೊದಲೇ ಅವರನ್ನು ಎಚ್ಚರಿಸಬೇಕು.