ಪಿಸಿಟಿ ಸೆಕ್ಷನ್ ಎ ಮುಗೀತು: ಮೈಲಿ 77 ರಿಂದ 109.5

ಅಂತೂ ಪಿಸಿಟಿ, ಅಂದ್ರೆ ಅಮೆರಿಕದ ಪಶ್ಚಿಮದಲ್ಲಿ ಮೆಕ್ಸಿಕೋ ಗಡಿಯಿಂದ ಕೆನಡಾ ತನಕ ಹೋಗೋ ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ಅನ್ನೋ ಕಾಲ್ದಾರಿಯ ಮೊದಲ ತುಂಡು, ಸೆಕ್ಷನ್ ಎ, ಮುಗೀತು! ಕ್ಯಾಂಪೋದಲ್ಲಿ ಮೆಕ್ಸಿಕೋ ಗಡಿ ಪಕ್ಕದಿಂದ ಶುರು ಮಾಡಿ ನಾಲ್ಕು ವೀಕೆಂಡಲ್ಲಿ ಸಿಸರ್ಸ್ ಕ್ರಾಸಿಂಗ್ ತನಕ (ಗಡಿಯಿಂದ ಮೈಲಿ 77) ಬಂದಿದ್ದೆ, ಈ ಶನಿವಾರ ಭಾನುವಾರ ಸೇರಿಸಿ ವಾರ್ನರ್ ಸ್ಪ್ರಿಂಗ್ಸ್ ಮುಟ್ಟಿದೆ. ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ಒಟ್ಟು 2,650 ಮೈಲಿ, ಅದರಲ್ಲಿ ಮೊದಲ 700 ಮೈಲಿನ ಎಲ್ಲರೂ ಮರುಭೂಮಿ ಅಂತಲೇ ಕರೆಯೋದು.

ಈ ತುಂಡಲ್ಲಿ ಕಷ್ಟ ಅಂದ್ರೆ ಏರು ಅಲ್ಲ, ನೀರು. ಸಿಸರ್ಸ್ ಕ್ರಾಸಿಂಗ್ ಬಿಟ್ಟ ಮೇಲೆ ಬ್ಯಾರೆಲ್ ಸ್ಪ್ರಿಂಗ್ ತನಕ 24 ಮೈಲಿ, ಅಂದ್ರೆ ಸುಮಾರು 39 ಕಿಲೋಮೀಟರ್, ಸ್ಯಾನ್ ಫೆಲಿಪೆ ಗುಡ್ಡಗಳ ಮೇಲೆ ಒಂದು ಹಳ್ಳ ಇಲ್ಲ ಒರತೆ ಇಲ್ಲ. ಮಧ್ಯದಲ್ಲಿ ಮೈಲಿ 91ರ ಹತ್ರ ಥರ್ಡ್ ಗೇಟ್ ಅನ್ನೋ ಕಡೆ ಸೀಸನ್‌ನಲ್ಲಿ ವಾಲಂಟಿಯರ್‌ಗಳು ಕ್ಯಾನ್‌ಗಳಲ್ಲಿ ನೀರು ತಂದಿಡ್ತಾರೆ. ಅವರಿಗೆ ಕೈ ಮುಗೀಬೇಕು, ಆದ್ರೆ ಅಲ್ಲಿ ನೀರಿರತ್ತೆ ಅಂತ ನಂಬ್ಕೊಂಡು ಕಮ್ಮಿ ಹೊತ್ಕೊಂಡು ಹೋಗೋದು ತಪ್ಪು, ಕ್ಯಾನ್ ಖಾಲಿ ಇದ್ರೆ ಹಿಂದಕ್ಕೂ 14 ಮೈಲಿ ಮುಂದಕ್ಕೂ 10 ಮೈಲಿ ನಡೀಬೇಕು. ಅದಕ್ಕೆ ಲೆಕ್ಕದಲ್ಲಿ ಅದನ್ನ ಸೊನ್ನೆ ಅಂತಲೇ ಹಿಡಿದೆ.

ಕಾರಿಂದ ಏಳು ಲೀಟರ್ ತುಂಬ್ಕೊಂಡೆ, ಏಳು ಲೀಟರ್ ಅಂದ್ರೆ ಏಳು ಕೆಜಿ, ಭುಜ ಹೇಳತ್ತೆ. ಬೆಳಿಗ್ಗೆ ನಾಲ್ಕೂವರೆಗೆ ಹೆಡ್‌ಲ್ಯಾಂಪ್ ಹಾಕ್ಕೊಂಡು ಹೊರಟೆ, ತಂಪಲ್ಲಿ ನಡೆದಷ್ಟೂ ನೀರು ಉಳಿಯತ್ತೆ. ಒಲೆ ತಂದಿರ್ಲಿಲ್ಲ, ಅವಲಕ್ಕಿ ಚಟ್ನಿಪುಡಿ ತಣ್ಣೀರಲ್ಲಿ ನೆನೆಸಿದ್ರೆ ಒಂದು ಲೋಟದಲ್ಲಿ ಊಟ ಆಗೋಗತ್ತೆ. ಥರ್ಡ್ ಗೇಟ್ ಮುಟ್ಟಿದಾಗ ಮೂರೂವರೆ ಲೀಟರ್ ಉಳಿದಿತ್ತು. ಕ್ಯಾನ್‌ಗಳಲ್ಲಿ ನೀರಿತ್ತು, ನಾನು ಮುಟ್ಟಲಿಲ್ಲ, ಕೆನಡಾ ತನಕ ಹೋಗೋರಿಗೆ ಬೇಕಾಗತ್ತೆ. ಮಧ್ಯಾಹ್ನ ಒಂದು ಜೂನಿಪರ್ ಗಿಡದ ನೆರಳಲ್ಲಿ ಮೂರು ಗಂಟೆ ಬಿದ್ಕೊಂಡಿದ್ದು ಸಂಜೆ ಮತ್ತೆ ನಡೆದು ಮೈಲಿ 94ರಲ್ಲಿ ಮಲಗಿದೆ.

ಭಾನುವಾರ ಬೆಳಿಗ್ಗೆ ಏಳು ಮೈಲಿ ಆದ್ಮೇಲೆ ಕೆಳಗಡೆ ಒಣ ಪೊದೆಗಳ ಮಧ್ಯ ದಟ್ಟ ಹಸಿರಿನ ದೊಡ್ಡ ಮರಗಳು ಕಂಡ್ವು. ಮ್ಯಾಪ್ ನೋಡೋ ಮೊದಲೇ ಅದೇ ಬ್ಯಾರೆಲ್ ಸ್ಪ್ರಿಂಗ್ ಅಂತ ಗೊತ್ತಾಯ್ತು, ನಮ್ಮ ಮಧುಗಿರಿ ಕಡೆ ಅಜ್ಜ ತಲಪರಿಗೆ (ನೆಲದಿಂದ ತಾನಾಗೇ ಉಕ್ಕೋ ಒರತೆ) ತೋರಿಸ್ತಿದ್ದಿದ್ದೂ ಹಂಗೇನೇ, ಬರಗಾಲದಲ್ಲೂ ಹಸಿರಿರೋ ಜಾಗ ನೋಡು ಅಂತ. ಪೈಪಿಂದ ತೊಟ್ಟಿಗೆ ಬೀಳೋ ತಣ್ಣನೆ ನೀರು, ಫಿಲ್ಟರ್ ಮಾಡಿ ಕುಡಿಯೋ ತನಕ ಕಾಯೋದೇ ಕಷ್ಟ ಆಯ್ತು.

ದಾರಿ ತಪ್ಪಿದ್ದು ಇಲ್ಲಿಂದ ಮುಂದೆ. ಗುಡ್ಡದ ಮೇಲೆ ಒಂದೇ ಕಾಲ್ದಾರಿ, ತಪ್ಪಕ್ಕೇ ಆಗಲ್ಲ, ಆದ್ರೆ ಈಗಲ್ ರಾಕ್ ಹತ್ರದ ಹುಲ್ಲುಗಾವಲಲ್ಲಿ ದನಗಳು ಮಾಡಿರೋ ದಾರಿಗಳೂ ಟ್ರೇಲ್ ಥರಾನೇ ಇರ್ತವೆ. ಪವರ್ ಬ್ಯಾಂಕಿಗೆ ಹಾಕಿ ಬಿಸಿಲಲ್ಲಿ ಇಟ್ಟಿದ್ದ ಫೋನ್ ಕಾದು ಆಫ್ ಆಗಿತ್ತು, ಟ್ರೇಲ್ ದಾರಿ ತೋರಿಸೋ ಫಾರ್‌ಔಟ್ ಆ್ಯಪ್ ಇಲ್ಲ. ಹತ್ತು ನಿಮಿಷ ಆದ್ಮೇಲೆ ಬೆನ್ನಿಗೆ ಬೀಳ್ಬೇಕಾದ ಬಿಸಿಲು ಎಡಗೆನ್ನೆ ಸುಡ್ತಿದೆ ಅನ್ನಿಸ್ತು, ಅಂದ್ರೆ ವಾಯವ್ಯಕ್ಕೆ ಹೋಗೋ ಬದಲು ದಕ್ಷಿಣಕ್ಕೆ ಹೋಗ್ತಿದೀನಿ. ಪೇಪರ್ ಮ್ಯಾಪ್ ತೆಗೆದು ಕಂಪಾಸ್ ಇಟ್ಟೆ (ಇಲ್ಲಿ ಸೂಜಿ ನಿಜವಾದ ಉತ್ತರಕ್ಕಿಂತ ಸುಮಾರು 11 ಡಿಗ್ರಿ ಪೂರ್ವಕ್ಕೆ ವಾಲತ್ತೆ, ಅದನ್ನ ಸರಿ ಮಾಡ್ಕೋಬೇಕು), ಬಂದ ದಾರೀಲೇ ವಾಪಸ್ ಹೋಗಿ ಕವಲು ಹಿಡಿದೆ. ಅಡ್ಡ ಹಾಯಕ್ಕೆ ಹೋಗಲಿಲ್ಲ. ಇನ್ಮೇಲೆ ಫೋನ್ ಬ್ಯಾಗ್ ಒಳಗೆ ಬಟ್ಟೆ ಸುತ್ತಿ ಇಡ್ತೀನಿ.

ಮುಂದಿನ ಟ್ರಿಪ್ ಇಲ್ಲಿಂದ ಉತ್ತರಕ್ಕೆ. ಮನೆಗೆ ಬಂದ ತಕ್ಷಣ ವಾಟರ್ ರಿಪೋರ್ಟಿಗೆ (ಟ್ರೇಲಲ್ಲಿ ಎಲ್ಲೆಲ್ಲಿ ನೀರಿದೆ ಅಂತ ನಡೆಯೋರೇ ತಿಳಿಸೋ ಪಟ್ಟಿ) ಕಳಿಸಿದ್ದು ಇಷ್ಟು: ಬ್ಯಾರೆಲ್ ಸ್ಪ್ರಿಂಗ್, ಭಾನುವಾರ ಬೆಳಿಗ್ಗೆ, ಪೈಪ್ ಹರೀತಿದೆ, ಒಂದು ಲೀಟರ್ ತುಂಬಕ್ಕೆ 20 ಸೆಕೆಂಡ್.