ಉತ್ತರದ ಪಕ್ಕದಲ್ಲಿ ಕಾರಣ

1996ರ ಜೂನ್‌ನಲ್ಲಿ ನಾನು ಗದಗಿನ ನಮ್ಮ ಹೈಸ್ಕೂಲಿಗೆ ಎಂಟನೇ ತರಗತಿಗೆ ಸೇರಿದೆ. ಆಗ ಗದಗ ಇನ್ನೂ ಧಾರವಾಡ ಜಿಲ್ಲೆಯ ಒಂದು ತಾಲೂಕು. ಲಕ್ಕುಂಡಿ ಕಡೆಯ ನಮ್ಮ ಹಳ್ಳಿಯ ಶಾಲೆಯಲ್ಲಿ ಒಬ್ಬರೇ ಅಕ್ಕೋರು ಗಣಿತ, ಕನ್ನಡ ಎರಡನ್ನೂ ಕಲಿಸುತ್ತಿದ್ದರು. ಯಾರಿಗೆ ಏನು ತಿಳಿದಿಲ್ಲ ಅಂತ ಮುಖ ನೋಡಿದರೇ ಅವರಿಗೆ ಗೊತ್ತಾಗುತ್ತಿತ್ತು. ಇಲ್ಲಿ ಗಂಟೆ ಹೊಡೆದ ಕೂಡಲೇ ಒಬ್ಬ ಸರ್ ಹೋಗಿ ಇನ್ನೊಬ್ಬರು ಬರುತ್ತಿದ್ದರು. ಒಬ್ಬರು ಎಷ್ಟು ಹೋಂವರ್ಕ್ ಕೊಟ್ಟಿದ್ದಾರೆ ಅಂತ ಇನ್ನೊಬ್ಬರಿಗೆ ಗೊತ್ತಿರುತ್ತಿರಲಿಲ್ಲ. ಎಲ್ಲವನ್ನೂ ಹೊಂದಿಸಿಕೊಳ್ಳುವುದು ನಮ್ಮದೇ ಜವಾಬ್ದಾರಿ.

ಹೈಸ್ಕೂಲಿನಲ್ಲಿ ಓದು ಜಾಸ್ತಿ ಅಂತ ಎಲ್ಲರೂ ಹೇಳುತ್ತಾರೆ. ಅದಕ್ಕೆ ಒಂದೆರಡು ತಿಂಗಳಲ್ಲಿ ಹೊಂದಿಕೊಳ್ಳಬಹುದು. ನಮಗೆ ಕಷ್ಟವಾದದ್ದು ಬೇರೆಯೇ. ಏಳನೇ ತರಗತಿಯವರೆಗೆ ಉತ್ತರ ಸರಿ ಬಂದರೆ ಮುಗಿಯಿತು. ಈಗ ಆ ಉತ್ತರ ಯಾಕೆ ಸರಿ ಅಂತಲೂ ಬರೆಯಬೇಕು. ಹಳ್ಳಿಯಲ್ಲಿ ಮೊದಲ ನಂಬರ್ ಬರುತ್ತಿದ್ದ ಎಷ್ಟೋ ಮಕ್ಕಳು ಮೊದಲ ಟೆಸ್ಟಿನಲ್ಲಿ ಅಳುವಂತಾದದ್ದು ಇದಕ್ಕೇ.

ನನಗೆ ಇದು ಮನಸ್ಸಿಗೆ ಇಳಿದದ್ದು ರೇಖಾಗಣಿತದಲ್ಲಿ. ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ ಅನ್ನುವುದು ನಮಗೆಲ್ಲ ಬಾಯಿಪಾಠ ಇತ್ತು. ಗಣಿತದ ಸರ್ ಒಬ್ಬೊಬ್ಬರೂ ಒಂದು ತ್ರಿಭುಜ ಬರೆದು ಅಳೆಯಿರಿ ಅಂದರು. ಕಂಪಾಸ್ ಪೆಟ್ಟಿಗೆ ತೆಗೆದೆವು. ಒಬ್ಬಳಿಗೆ 179 ಬಂತು, ಹಿಂದಿನ ಬೆಂಚಿನವನಿಗೆ 182.

“ಯಾರದು ಖರೇ?” ಅಂತ ಸರ್ ಕೇಳಿದರು. ಕ್ಲಾಸು ಸುಮ್ಮನಾಯಿತು. “ಅಳತಿ ತಪ್ಪಬಹುದು. ಜಗತ್ತಿನಾಗಿನ ಎಲ್ಲಾ ತ್ರಿಭುಜ ಅಳೀಲಿಕ್ಕೆ ಆಗತೈತೇನು? ಅಳೀದ ಹೇಳ್ರಿ ನೋಡೂಣು.”

ಆಮೇಲೆ ಹಲಗೆಯ ಮೇಲೆ ತ್ರಿಭುಜ ಬರೆದು, ಮೇಲಿನ ಶೃಂಗದ ಮೂಲಕ ಪಾದಕ್ಕೆ ಸಮಾಂತರವಾಗಿ ಒಂದು ಗೆರೆ ಎಳೆದರು. ಪಾದದ ಎರಡು ಕೋನಗಳಿಗೆ ಸಮನಾದ ಪರ್ಯಾಯ ಕೋನಗಳು ಶೃಂಗದ ಎಡಕ್ಕೆ ಒಂದು, ಬಲಕ್ಕೆ ಒಂದು ಸಿಕ್ಕವು. ನಡುವೆ ತ್ರಿಭುಜದ ಮೂರನೇ ಕೋನ. ಮೂರೂ ಸೇರಿದರೆ ಒಂದು ಸರಳ ಕೋನ, ಅಂದರೆ 180. ಕೋನಮಾಪಕ ಮುಟ್ಟಲೇ ಇಲ್ಲ! ಎಷ್ಟು ದೊಡ್ಡ ತ್ರಿಭುಜವಾದರೂ, ಎಷ್ಟು ಸೊಟ್ಟ ಇದ್ದರೂ ಇದು ತಪ್ಪುವ ಹಾಗಿಲ್ಲ. ಆ ದಿನದ ಖುಷಿ ನನಗೆ ಇವತ್ತಿಗೂ ಕಡಿಮೆಯಾಗಿಲ್ಲ.

ಪ್ರತಿ ಪ್ರಮೇಯವನ್ನೂ ನಾಲ್ಕು ಭಾಗ ಮಾಡಿ ಬರೆಯಬೇಕಿತ್ತು: ದತ್ತ (ಕೊಟ್ಟದ್ದು), ಸಾಧನೀಯ (ಸಾಧಿಸಬೇಕಾದದ್ದು), ರಚನೆ, ಸಾಧನೆ. ಪ್ರತಿ ಸಾಲಿನ ಬಲಕ್ಕೆ ಕಂಸದಲ್ಲಿ ಕಾರಣ. ಕಾರಣ ಇಲ್ಲದ ಸಾಲಿಗೆ ಸರ್ ಅಂಕ ಕೊಡುತ್ತಿರಲಿಲ್ಲ. ಬಾಯಿಪಾಠ ಮಾಡಿಕೊಂಡು ಬಂದವರಿಗಾಗಿ ಚಿತ್ರವನ್ನೇ ತಿರುಗಿಸಿ, ಎಬಿಸಿ ಇದ್ದಲ್ಲಿ ಪಿಕ್ಯೂಆರ್ ಇಟ್ಟು ಕೊಡುತ್ತಿದ್ದರು. ಅವರು ಕಠಿಣ ಅನ್ನುವವರಿದ್ದರು. ನನಗೆ ಹಾಗನ್ನಿಸಲಿಲ್ಲ. ಶಾಲೆ ಶುರುವಾಗುವ ಮುಂಚೆ ಬಂದು, ಕೇಳಿದ್ದನ್ನೇ ಮತ್ತೆ ಕೇಳಿದರೂ ಬೇಸರವಿಲ್ಲದೆ ಹೇಳಿಕೊಡುವ ಮನುಷ್ಯ ಕಠಿಣ ಹೇಗಾಗುತ್ತಾರೆ, ಅಲ್ವಾ?

ನಾನೂ ನನ್ನ ಗೆಳತಿಯೂ ಬಸ್ಸಿನಲ್ಲಿ ಪುಸ್ತಕ ಮುಚ್ಚಿ ಒಬ್ಬರಿಗೊಬ್ಬರು ಪ್ರಮೇಯ ಹೇಳಿಕೊಳ್ಳುತ್ತಿದ್ದೆವು. ನಡುವೆ “ಯಾಕ?” ಅಂತ ಕೇಳುವುದು ಇನ್ನೊಬ್ಬಳ ಕೆಲಸ. ಎಲ್ಲಿ ತಡವರಿಸುತ್ತೇವೋ ಮರುದಿನ ಸರ್ ಹತ್ತಿರ ಅದನ್ನೇ ಕೇಳುವುದು. ಇಂಗ್ಲಿಷ್ ಗ್ರಾಮರ್ ಕೂಡ ಹೀಗೇ ದಾರಿಗೆ ಬಂತು.

ಕನ್ನಡ ಮೇಡಂ ಒಂದು ಸಂಜೆ ನಮ್ಮನ್ನು ವೀರನಾರಾಯಣ ಗುಡಿಗೆ ಕರೆದುಕೊಂಡು ಹೋದರು. ಕುಮಾರವ್ಯಾಸ ತನ್ನ ಭಾರತವನ್ನು ಬರೆದದ್ದು ಇಲ್ಲೇ ಅನ್ನುವುದು ಗದಗಿನ ಮಂದಿಯ ನಂಬಿಕೆ. ಅಲ್ಲಿ ಕೂತು ಪದ್ಯ ಓದಿಸಿ, ಮೂರು-ನಾಲ್ಕು, ಮೂರು-ನಾಲ್ಕು ಅಂತ ಕೈತಟ್ಟಿಸಿದರು. ಆಮೇಲೆ ಪ್ರಸ್ತಾರ, ಅಂದರೆ ಅಕ್ಷರಗಳಿಗೆ ಗುರು, ಲಘು ಅಂತ ಗುರುತು ಹಾಕುವುದು. ಗುರುವಿಗೆ ಎರಡು ಮಾತ್ರೆ, ಲಘುವಿಗೆ ಒಂದು. ಕುಮಾರವ್ಯಾಸ ಬರೆದ ಆರು ಸಾಲಿನ ಭಾಮಿನಿ ಷಟ್ಪದಿಯಲ್ಲಿ ಒಂದು, ಎರಡು, ನಾಲ್ಕು, ಐದನೇ ಸಾಲಿಗೆ 14 ಮಾತ್ರೆ, ಮೂರು ಮತ್ತು ಆರನೇ ಸಾಲಿಗೆ 23. ಕೇಳಲು ಯಾಕೆ ಅಷ್ಟು ಚೆಂದ ಅನ್ನುವುದಕ್ಕೂ ಲೆಕ್ಕ ಇದೆ ಅಂತ ಅಂದು ತಿಳಿಯಿತು. ಪದ್ಯದ ಚೆಂದ ಅದರಿಂದ ಹೆಚ್ಚೇ ಆಯಿತು.

ನಾವು ಒಂಬತ್ತನೇ ತರಗತಿಯಲ್ಲಿದ್ದಾಗ, 1997ರಲ್ಲಿ, ಗದಗ ಜಿಲ್ಲೆಯಾಯಿತು. ಹಾವೇರಿಯೂ ಆಯಿತು. ಹಳೆಯ ಪುಸ್ತಕದಲ್ಲಿ ರಾಜ್ಯಕ್ಕೆ 20 ಜಿಲ್ಲೆ, ಹೊರಗೆ 27. ಸಮಾಜ ವಿಜ್ಞಾನದ ಸರ್ ಹೇಳಿದ್ದು ಇಷ್ಟೇ: “27 ಬರೀರಿ. ಹೊಸಾ ಏಳು ಯಾವು, ಯಾವ ಜಿಲ್ಲಾದಿಂದ ಬಂದವು, ಅದನ್ನೂ ಬರೀರಿ.” ನಕಾಶೆಯ ಮೇಲೆ ಪೆನ್ಸಿಲ್‌ನಿಂದ ನಮ್ಮ ಜಿಲ್ಲೆಯ ಗಡಿಯನ್ನು ನಾವೇ ಹಾಕಿದೆವು.

ಎಸ್‌ಎಸ್‌ಎಲ್‌ಸಿಯ 625 ಅಂಕಗಳ ಚಿಂತೆ ಎಲ್ಲ ಮನೆಗಳಲ್ಲೂ ಇದ್ದದ್ದೇ. ನಮ್ಮ ಮನೆಯಲ್ಲೂ ಇತ್ತು. ಆದರೆ ಹತ್ತನೇ ತರಗತಿಯ ಹೊತ್ತಿಗೆ ನನಗೆ ಹೆದರಿಕೆ ಉಳಿದಿರಲಿಲ್ಲ.

ಈಗಲೂ ಸುತ್ತಲಿನ ಹಳ್ಳಿಗಳಿಂದ ನಮ್ಮ ಶಾಲೆಗೆ ಮಕ್ಕಳು ಬರುತ್ತಾರೆ. ಬರುವ ಜೂನ್‌ನಲ್ಲಿ ಎಂಟನೇ ತರಗತಿಗೆ ಹೊಸದಾಗಿ ಸೇರುವವರ ಜೊತೆ ಒಂದು ವಾರ, ಬೆಳಗಿನ ಗಂಟೆಗೆ ಮುಂಚೆ, ರೇಖಾಗಣಿತ ಮಾಡಲು ನಾನು ಸಿದ್ಧಳಿದ್ದೇನೆ. ಹೆಡ್‌ಮಾಸ್ತರರು ಒಂದು ಕೋಣೆ, ಒಂದು ಹಲಗೆ ಕೊಟ್ಟರೆ ಸಾಕು. ನನ್ನ ಜೊತೆ ಓದಿದವರು ಯಾರಾದರೂ ವಿಜ್ಞಾನ, ಇಂಗ್ಲಿಷ್‌ಗೆ ಬರುವುದಾದರೆ ದಯವಿಟ್ಟು ಶಾಲೆಯ ಆಫೀಸಿನಲ್ಲಿ ಹೆಸರು ಬರೆಸಿ.